ಗೌರಿಯ ಮುಂದಿನ ಹಡಗು

ಗೌರಿಯನ್ನು ಕಳಿಸಿದ ದಿನ ಸಂಜೆ ಮನೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮೂರು ದಿನ ಕಾಲಿಡಲು ಜಾಗವಿಲ್ಲದಂತಿದ್ದ ನಡುಮನೆಯಲ್ಲಿ ಈಗ ಬರಿಯ ಮಣೆ, ಉದುರಿದ ಶೇವಂತಿಗೆಯ ಎಸಳುಗಳು, ಗೋಡೆಗೆ ಅಂಟಿಕೊಂಡು ಉಳಿದ ಜರಿಕಾಗದದ ಒಂದು ತುಂಡು. ಇಂದೂಬಾಯಿ ಚಹಾದ ಕಪ್ಪು ಹಿಡಿದು ಅಡಿಗೆಮನೆಯಿಂದ ಹೊರಗೆ ಬಂದಾಗ ಅವರ ಗಂಡ ದಿಗಂಬರರಾಯರು ಗಾಜಿನ ಕಪಾಟಿನ ಮುಂದೆ ನೆಲದ ಮೇಲೆ ಕೂತು ಕೆಳಗಿನ ಹಲಗೆಯ ಮೇಲೆ ಕೈಯಾಡಿಸುತ್ತಿದ್ದರು. ಕೈ ಈ ತುದಿಯಿಂದ ಆ ತುದಿಗೆ ಹೋಯಿತು, ತಿರುಗಿ ಬಂತು.

"ಮಂದಿ ಎಲ್ಲಿ ಅದಾರ, ಇಂದೂ?"

"ಬುಟ್ಟ್ಯಾಗ ಅದಾರ್ರಿ. ದಿವಾನದ ಮ್ಯಾಲ ಇಟ್ಟೀನಿ, ಕೊಡತೀನಿ ತಡೀರಿ," ಎಂದು ಇಂದೂಬಾಯಿ ದಿವಾನದ ಕಡೆ ತಿರುಗಿದರು. ದಿವಾನದ ಮೇಲೆ ಬುಟ್ಟಿ ಇರಲಿಲ್ಲ.

ಮಂದಿ ಎಂದರೆ ಮಣ್ಣಿನ ಮಂದಿ, ಬೆರಳುದ್ದದವರು. ಆ ಮನೆಯಲ್ಲಿ ಅವರೆಲ್ಲ ಟೈಟಾನಿಕ್ ಹಡಗಿನ ಪ್ರಯಾಣಿಕರು.

ದಿಗಂಬರರಾಯರು ಧಾರವಾಡದ ಕಡೆಯವರು. ಮದುವೆಯಾಗುವ ತನಕ ಸಮುದ್ರವನ್ನೇ ಕಂಡವರಲ್ಲ. ಪುಣೆಗೆ ಬಂದು ಒಂದು ಕಾರಖಾನೆಯಲ್ಲಿ ಬಾಯ್ಲರುಗಳ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಜೂನಾ ಬಜಾರಿನ ಹಳೆಯ ಸಾಮಾನಿನ ರಾಶಿಯಲ್ಲಿ ಅವರಿಗೆ ಒಂದು ತಗಡಿನ ಹಡಗು ಸಿಕ್ಕಿತು. ನಾಲ್ಕು ಚಿಮಣಿಗಳಲ್ಲಿ ಒಂದು ಮುರಿದಿತ್ತು, ಮಾರುವವನಿಗೆ ಅದು ಏನೆಂದು ಗೊತ್ತಿರಲಿಲ್ಲ. ರಾಯರಿಗೆ ಗೊತ್ತಿತ್ತು. ಅಷ್ಟು ದೊಡ್ಡ ಹಡಗನ್ನು ಅಷ್ಟು ಅಚ್ಚುಕಟ್ಟಾಗಿ ಬರೆದ ಕೈಗಳು, ಒಳಗೆ ಹಿಡಿಯುವ ಅರ್ಧ ಜನಕ್ಕೂ ಸಾಲದಷ್ಟು ದೋಣಿ ಹಾಕಿ ನಕ್ಷೆ ಮುಗಿಸಿದವಲ್ಲ ಎನ್ನುವುದು ಒಬ್ಬ ನಕ್ಷೆಗಾರನಾಗಿ ಅವರನ್ನು ಕಾಡುತ್ತಿತ್ತು. ಕಾಡಿದ್ದು ಬೆಳೆದು ಚಟವಾಯಿತು. ಬಾಟಲಿಯೊಳಗಿನ ಹಡಗು, ಪ್ಲಾಸ್ಟಿಕ್ಕಿನ ತುಣುಕು ಜೋಡಿಸಿ ಮಾಡಿದ ಹಡಗು, ಯೆರವಡಾ ಜೇಲಿನ ಮುಂದಿನ ಮಾರಾಟದ ಅಂಗಡಿಯಿಂದ ತಂದ ಸಾಗವಾನಿ ಚೂರುಗಳ ಹಡಗು, ಯಾರೋ ಪರದೇಶದಿಂದ ತಂದುಕೊಟ್ಟ, ಮೂತಿ ನೀರಿಗಿಳಿದು ಬಾಲ ಮೇಲೆದ್ದ ಪಿಂಗಾಣಿ ಹಡಗು. ಕಪಾಟು ತುಂಬಿತು.

ಮದುವೆಯಾಗಿ ಬಂದ ವರ್ಷವೇ ಇಂದೂಬಾಯಿ ಅದನ್ನೆಲ್ಲ ನೋಡಿ ಒಂದು ಮಾತು ಹೇಳಿದ್ದರು. ಹಡಗು ಭಾಳ ಅದಾವ, ಒಂದರಾಗೂ ಮಂದಿ ಇಲ್ಲಲ್ಲರೀ ಅಂತ. ಮುಂದಿನ ರವಿವಾರ ರಾಯರು ಹೆಂಡತಿಯನ್ನು ಕರೆದುಕೊಂಡು ಕುಂಬಾರವಾಡೆಗೆ ಹೋದರು. ಅದು ದೀಪಾವಳಿಯ ಹಿಂದಿನ ವಾರ. ಮಕ್ಕಳು ಅಂಗಳದಲ್ಲಿ ಕಟ್ಟುವ ಮಣ್ಣಿನ ಕೋಟೆಗಳಿಗಾಗಿ ಅಲ್ಲಿ ಸಾಲುಸಾಲು ಬೊಂಬೆ ಮಾರಲಿಕ್ಕೆ ಇಟ್ಟಿದ್ದರು. ಈಟಿ ಹಿಡಿದ ಮಾವಳೆ ಸೈನಿಕರು, ತಲೆಯ ಮೇಲೆ ಬುಟ್ಟಿ ಹೊತ್ತ ಕಾಯಿಪಲ್ಯದವಳು, ಕುಸ್ತಿಯ ಪೈಲವಾನ, ಢೋಲು ಬಾರಿಸುವವ, ಗಡ್ಡದ ಸಾಧು. ಇಂಗ್ಲಿಷ್ ಸಾಹೇಬರು ಯಾರೂ ಇರಲಿಲ್ಲ. ಇದ್ದವರನ್ನೇ ತಂದರು.

ಇಂದೂಬಾಯಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವರು. ಎಲೆಯ ನರ, ಹೂವಿನ ಕೇಸರ ಬರೆದು ಪಳಗಿದ ಕೈ. ಒಂದು ಸಣ್ಣ ಕುಂಚದಿಂದ ಅವರು ಸೈನಿಕರ ಅಂಗರಖೆಯನ್ನು ಕೋಟು ಮಾಡಿದರು, ರುಮಾಲನ್ನು ಹ್ಯಾಟು ಮಾಡಿದರು, ಕೆಲವರಿಗೆ ಲಂಗ ತೊಡಿಸಿ ಹೆಂಗಸರನ್ನಾಗಿಸಿ ಈಟಿಯನ್ನೇ ಕೊಡೆ ಮಾಡಿದರು. ಪೈಲವಾನನ ಮೈಗೆ ಮಸಿ ಬಳಿದು ಹಡಗಿನ ತಳದಲ್ಲಿ ಬಾಯ್ಲರಿಗೆ ಇದ್ದಲಿ ಹಾಕುವವನನ್ನಾಗಿಸಿದರು. ಕಾಯಿಪಲ್ಯದವಳ ಬುಟ್ಟಿ ಕೀಳಲು ಬರಲಿಲ್ಲ, ಅವಳು ಮೂರನೆಯ ದರ್ಜೆಯಲ್ಲಿ ಗಂಟು ಹೊತ್ತು ಹೊರಟಳು. ಹಡಗಿನ ವಾದ್ಯದವರಲ್ಲಿ ಒಬ್ಬ ಕಡೆಯವರೆಗೂ ಟೈ ಕಟ್ಟಿಕೊಂಡು ಢೋಲು ಬಾರಿಸುತ್ತಲೇ ಉಳಿದ. ಬಿಳಿ ಗಡ್ಡದ ಸಾಧುವಿಗೆ ನೀಲಿ ಕೋಟು ತೊಡಿಸಿ, ಜಟೆಯ ಮೇಲೆ ಟೊಪ್ಪಿಗೆ ಬರೆದು ಕ್ಯಾಪ್ಟನ್ ಮಾಡಿದರು.

ಅತ್ತೆಗೆ ಮಾತ್ರ ಇದು ಸರಿಬರಲಿಲ್ಲ. ಮುಳುಗಿದ ಹಡಗನ್ನು ಯಾರಾದರೂ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆಯೇ ಎಂದು ಅವರು ಒಂದು ಇಡೀ ಶ್ರಾವಣ ಗೊಣಗಿದರು. ಮಗ ಬಿಡಲಿಲ್ಲ. ಕೊನೆಗೆ ಮುದುಕಿ ತಾನೇ ಒಂದು ದಾರಿ ಕಂಡುಕೊಂಡಳು. ಗೌರಿ ತವರಿಗೆ ಬಂದು ಮೂರು ದಿನ ಇರುತ್ತಾಳಲ್ಲ, ಆ ಮೂರು ದಿನ ಹಡಗನ್ನೂ ಮಂದಿಯನ್ನೂ ಆಕೆಯ ಮುಂದೆ ಇಡಿ, ಆಕೆಯ ಕೃಪಾದೃಷ್ಟಿ ಬಿದ್ದರೆ ವರ್ಷವಿಡೀ ಏನೂ ಆಗುವುದಿಲ್ಲ ಎಂದಳು. ಅಂದಿನಿಂದ ಆ ಮನೆಯಲ್ಲಿ ಗೌರಿಯ ಮುಂದೆ ಚಕ್ಕುಲಿ, ಉಂಡಿ, ಐದು ಬಗೆಯ ಹಣ್ಣಿನ ಜೊತೆಗೆ ಸಾಗವಾನಿ ಟೈಟಾನಿಕ್ಕು ನಿಲ್ಲುತ್ತದೆ. ದೇವಿಯ ಮುಂದೆ ಇಟ್ಟದ್ದಕ್ಕೆಲ್ಲ ಅರಿಷಿಣ ಕುಂಕುಮ ಏರಿಸುವುದು ಪದ್ಧತಿ. ಹಾಗಾಗಿ ಕ್ಯಾಪ್ಟನ್ನನ ಹಣೆಗೂ ಒಂದು ಬೊಟ್ಟು, ಮೂರನೆಯ ದರ್ಜೆಯವಳಿಗೂ ಒಂದು ಬೊಟ್ಟು. ಹಬ್ಬಕ್ಕೆ ಬಂದವರು ನಗುತ್ತಿದ್ದರು. ನಕ್ಕವರೇ ಮರುವರ್ಷ ಬಂದು ಮೊದಲು ಹಡಗು ಎಲ್ಲಿ ಎಂದು ಕೇಳುತ್ತಿದ್ದರು.

ಈಗ ಅತ್ತೆ ಇಲ್ಲ. ಮಗಳು ವರದಾ ಊರ ಆಚೆ ತುದಿಯ ಮಗರಪಟ್ಟಾದಲ್ಲಿದ್ದಾಳೆ. ಗೌರಿಯ ಊಟಕ್ಕೆ ಬಂದು ಹೋಗುತ್ತಾಳೆ. ಕಾಚಬಿಂದು ಎನ್ನುವ ರೋಗ ರಾಯರ ಕಣ್ಣನ್ನು ಸ್ವಲ್ಪಸ್ವಲ್ಪವಾಗಿ ತಿಂದು, ಈಗ ಕಿಟಕಿ ಯಾವ ಕಡೆ ಇದೆ ಎನ್ನುವಷ್ಟು ಬೆಳಕು ಮಾತ್ರ ಉಳಿಸಿದೆ. ಹಡಗುಗಳೆಲ್ಲ ಗಾಜಿನ ಹಿಂದೆ ಇದ್ದಲ್ಲೇ ಇವೆ. ಕೈಗೆ ಅವೆಲ್ಲ ಒಂದೇ, ಉದ್ದ ಮತ್ತು ಚೂಪು. ಮಂದಿ ಹಾಗಲ್ಲ. ದಿನಾ ಸಂಜೆ ಚಹಾದ ಹೊತ್ತಿಗೆ ರಾಯರು ಕೆಳಗಿನ ಹಲಗೆಯಿಂದ ಒಬ್ಬೊಬ್ಬರನ್ನೇ ಎತ್ತಿಕೊಳ್ಳುತ್ತಾರೆ. ಹೆಬ್ಬೆರಳು ಮುಖದ ಮೇಲೆ ಆಡಿತೆಂದರೆ ಹೆಸರು ಬಂತು, ಹೆಸರಿನ ಹಿಂದೆ ಕಥೆ ಬಂತು. ಇವನಿಗೆ ನೀ ಬಣ್ಣ ಹಚ್ಚುವಾಗ ನಾವು ಮೊದಲಿದ್ದ ಹಳೆಯ ವಾಡೆಯ ಮಾಳಿಗೆ ಸೋರುತ್ತಿತ್ತು ಎನ್ನುತ್ತಾರೆ. ಇವಳ ಕೈ ಮುರಿದದ್ದು ವರದಾ ಅಂಬೆಗಾಲಿಡುವಾಗ ಎನ್ನುತ್ತಾರೆ. ಇಂದೂಬಾಯಿ ಕಾಯಿಪಲ್ಯ ಸೋಸುತ್ತ ಹೂಂ ಎನ್ನುತ್ತಾರೆ. ಅವರ ಇಡೀ ಸಂಸಾರ ಆ ಬುಟ್ಟಿಯಲ್ಲಿತ್ತು.

ಆ ಬುಟ್ಟಿಯೇ ಈಗ ಇಲ್ಲ.

ಇಂದೂಬಾಯಿ ದಿವಾನದ ಕೆಳಗೆ ನೋಡಿದರು, ದೇವರಮನೆಯಲ್ಲಿ ನೋಡಿದರು, ಅಲ್ಲಿರುವುದಿಲ್ಲವೆಂದು ಗೊತ್ತಿದ್ದರೂ ಪಾತ್ರೆಯ ಕಪಾಟಿನಲ್ಲೂ ನೋಡಿದರು. ಆಮೇಲೆ ಮಧ್ಯಾಹ್ನದ್ದು ಒಂದೊಂದಾಗಿ ನೆನಪಿಗೆ ಬಂತು. ಉತ್ತರಪೂಜೆ ಮುಗಿಸಿ, ಮಂದಿಯನ್ನು ಹಳೆಯ ಧೋತರದಲ್ಲಿ ಸುತ್ತಿ ಬೆತ್ತದ ಬುಟ್ಟಿಯಲ್ಲಿ ಹಾಕಿ, ದಿವಾನದ ಮೇಲೆ, ಹೊರಡಲು ಸಿದ್ಧವಾಗಿದ್ದ ಗಣಪತಿಯ ಪಕ್ಕಕ್ಕೇ ಇಟ್ಟಿದ್ದರು. ಬುಟ್ಟಿಯ ಮುಚ್ಚಳದ ಮೇಲೂ ಅರಿಷಿಣ ಕುಂಕುಮ ಇತ್ತು, ಅಕ್ಷತೆ ಇತ್ತು. ಕೆಳಗೆ ಹೋಟೆಲು ನಡೆಸುವ ಸದಾನಂದ ಅವರು ಬಂದಿದ್ದರು. ರಾಯರ ಕಣ್ಣು ಹೋದಾಗಿನಿಂದ, ಯಾರೂ ಕೇಳದೆಯೇ, ಈ ಮನೆಯ ಗಣಪತಿಯನ್ನು ಹೊಳೆಯ ದಂಡೆಯಲ್ಲಿ ವಿಸರ್ಜನೆಗೆಂದು ಮಾಡಿದ ನೀರಿನ ಹೌದಕ್ಕೆ ಒಯ್ದು ಬಿಟ್ಟುಬರುವುದನ್ನು ಅವರೇ ತಮ್ಮ ಮೇಲೆ ಹಾಕಿಕೊಂಡಿದ್ದರು. ಹೊರಡುವ ದೇವರ ಕೈಗೆ ಹಾಕಲು ಮೊಸರು ತರಲೆಂದು ಇಂದೂಬಾಯಿ ಒಳಗೆ ಹೋಗಿದ್ದರು. ಆ ಹೊತ್ತಿನಲ್ಲಿ ಸದಾನಂದರು ಮೊದಲ ಸಲ ಮೆಟ್ಟಿಲಿಳಿದು ನಿರ್ಮಾಲ್ಯದ ಚೀಲ ವ್ಯಾನಿನಲ್ಲಿಟ್ಟು ಬಂದಿದ್ದರು. ಒಯ್ದದ್ದು ಚೀಲವೊಂದೇ ಅಂತ ಇಂದೂಬಾಯಿ ತಿಳಿದಿದ್ದರು.

ಮೊಬೈಲಿನಲ್ಲಿ ಸದಾನಂದರನ್ನು ಕೇಳಿದರು.

"ಅಕ್ಕ, ಅದರ ಮೇಲೆ ಕುಂಕುಮ ಇತ್ತಲ್ಲ, ಅಕ್ಷತೆ ಸಹ ಇತ್ತು," ಎಂದರು ಸದಾನಂದ. "ಮಣ್ಣಿನ ದೇವರೇ ಅಂತ ಎಣಿಸಿದೆ. ಹೌದದ ಹತ್ತಿರ ಅಲ್ಲಿಯವರ ಕೈಗೆ ಕೊಟ್ಟು ಕೈಮುಗಿದು ಬಂದೆನಲ್ಲ ಮಾರಾಯ್ರೆ."

ಇಂದೂಬಾಯಿ ಅದನ್ನು ಗಂಡನಿಗೆ ಹೇಳಿದರು. ಬೇರೆ ದಾರಿ ಇರಲಿಲ್ಲ. ಕಣ್ಣಿಲ್ಲದವರ ಮುಂದೆ ಮುಖ ಮರೆಮಾಡಬಹುದು, ದನಿಯನ್ನಲ್ಲ. ರಾಯರು ಕೇಳಿಸಿಕೊಂಡರು. "ಹೋಗ್ಲಿ ಬಿಡು," ಎಂದರು. "ಅವರಿಗೆ ನೀರು ಹೊಸಾದೇನಲ್ಲ."

ಸದಾನಂದ ಅವರಿಗೆ ಏನೂ ಅನ್ನಬೇಡ, ಪಾಪ, ಮೂರು ಮಾಳಿಗೆ ಹತ್ತಿ ಇಳಿದಾರ ಎಂದೂ ಹೇಳಿದರು. ಚಹಾ ಕುಡಿದರು. ಆದರೆ ಕುಡಿಯುವಷ್ಟು ಹೊತ್ತೂ ಅವರ ಎಡಗೈ ಖಾಲಿ ಹಲಗೆಯ ಮೇಲೆಯೇ ಇತ್ತು, ಅಂಗೈ ಮೇಲಾಗಿ. ಇಂದೂಬಾಯಿ ಆ ಕೈ ನೋಡಿದರು. ಮೊಳಕಾಲಿಗೆ ಪಟ್ಟಿ ಸುತ್ತಿಕೊಂಡು, ಛತ್ರಿ ತೆಗೆದುಕೊಂಡು, ಬರುತ್ತೇನೆ ಎಂದು ಹೊರಟರು.

ಕೆಳಗೆ ಸದಾನಂದರು ಹಣದ ಗಲ್ಲೆ ಬಿಟ್ಟು ಬಾಗಿಲಲ್ಲೇ ನಿಂತಿದ್ದರು. ಹಬ್ಬದ ಸಂಜೆ, ಹೋಟೆಲು ತುಂಬಿದೆ, ಆದರೂ ಹೆಂಡತಿಗೆ ಗಲ್ಲೆ ಒಪ್ಪಿಸಿ ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದಾರೆ. ಮೆರವಣಿಗೆಗಳಿಂದಾಗಿ ರಸ್ತೆ ಮುಚ್ಚಿದ್ದರು, ವ್ಯಾನು ಹೋಗುವಂತಿರಲಿಲ್ಲ. ನಡೆದೇ ಹೊರಟರು. ತುಂತುರು ಬೀಳುತ್ತಿತ್ತು. ಸದಾನಂದರು ಇಂದೂಬಾಯಿಯ ಛತ್ರಿಯನ್ನು ತಾವೇ ಹಿಡಿದು ದಾರಿಯುದ್ದಕ್ಕೂ ತಮ್ಮ ತಪ್ಪನ್ನೇ ಹೇಳಿಕೊಂಡರು. ಛತ್ರಿಯೆಲ್ಲ ಇಂದೂಬಾಯಿಯ ಕಡೆಗೇ ವಾಲಿತ್ತು, ಸದಾನಂದರ ಒಂದು ಭುಜ ಪೂರ್ತಿ ತೊಯ್ದಿತ್ತು.

ಲಕ್ಷ್ಮೀ ರಸ್ತೆ ದಾಟುವಲ್ಲಿ ಢೋಲು-ತಾಸೆ ಬಾರಿಸುವವರ ಪಥಕವೊಂದು ಅಡ್ಡ ಬಂತು. ಎದೆಯೊಳಗೇ ಬಾರಿಸಿದಂತೆ ಸದ್ದು. ನಿಂತು ನೋಡುತ್ತಿದ್ದ ಇಂದೂಬಾಯಿಗೆ ತಮ್ಮ ಟೈ ಕಟ್ಟಿದ ಢೋಲಿನವನ ನೆನಪಾಗಿ ಕಣ್ಣು ತುಂಬಿತು. ಸಾಲಿನ ತುದಿಯಲ್ಲಿ ಢೋಲು ಕಟ್ಟಿಕೊಂಡಿದ್ದ ಕೇಸರಿ ಪೇಟದ ಹುಡುಗಿಯೊಬ್ಬಳು ಅದನ್ನು ಕಂಡಳೋ ಏನೋ, ಬಾರಿಸುವುದನ್ನು ನಿಲ್ಲಿಸದೆಯೇ ಒಂದು ಹೆಜ್ಜೆ ಹಿಂದೆ ಸರಿದು, ಕಣ್ಣಿನಿಂದಲೇ ಹೋಗಿ ಎಂದಳು. ಆ ಸಂದಿನಿಂದ ಇಬ್ಬರೂ ಆಚೆ ದಾಟಿದರು.

ಇಂದೂಬಾಯಿಗೆ ಆಸೆಯೇನೂ ಉಳಿದಿರಲಿಲ್ಲ. ಬೇಯಿಸಿದ ಮಣ್ಣಾದರೆ ನೀರಿನಲ್ಲಿ ತಡೆದೀತು. ಇವು ಕೋಟೆಯ ಬೊಂಬೆಗಳು, ಬಿಸಿಲಿಗೆ ಒಣಗಿಸಿದ ಹಸಿ ಮಣ್ಣು, ಮೇಲೆ ಬಣ್ಣ. ನೀರಿಗೆ ಬಿದ್ದು ಎರಡು ತಾಸಾದ ಮೇಲೆ ಏನು ಉಳಿಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಆದರೂ ಹೋಗಿ ನೋಡದೆ ಆ ಹಲಗೆಯ ಮುಂದೆ ಕೂಡುವುದು ಆಗದ ಮಾತಾಗಿತ್ತು.

ಹೌದದ ಸುತ್ತ ಬಿದಿರಿನ ತಡೆ ಕಟ್ಟಿದ್ದರು. ಒಳಗೆ ಕಿತ್ತಳೆ ಜಾಕೀಟು ತೊಟ್ಟ ಜೀವರಕ್ಷಕರು, ಅಗ್ನಿಶಾಮಕ ದಳದವರು, ಸೊಂಟದ ತನಕ ನೀರಿನಲ್ಲಿ ನಿಂತು ಜನರ ಕೈಯಿಂದ ಒಂದೊಂದೇ ಗಣಪತಿ ತೆಗೆದುಕೊಂಡು ಮೂರು ಸಲ ಮುಳುಗಿಸಿ ಬಿಡುತ್ತಿದ್ದರು. ಸದಾನಂದರು ತಮ್ಮಿಂದ ಬುಟ್ಟಿ ತೆಗೆದುಕೊಂಡವನನ್ನು ಗುರುತಿಸಿ ಕರೆದರು. ಅವನು ದಂಡೆಯ ಮೇಲೆ ಕೂತು ವಡಾಪಾವ್ ತಿನ್ನುತ್ತಿದ್ದ, ಐವತ್ತರ ಹತ್ತಿರದ ಗಟ್ಟಿ ಆಳು. ಎದೆಯ ಮೇಲಿನ ಪಟ್ಟಿಯಲ್ಲಿ ದೇವಾನಂದ ಎಂದು ಬರೆದಿತ್ತು. ಇಂದೂಬಾಯಿ ಮರಾಠಿಯಲ್ಲಿ ಕೇಳತೊಡಗಿದರು. ಬೆತ್ತದ ಬುಟ್ಟಿ, ಒಳಗೆ ಮಣ್ಣಿನ ಸಣ್ಣ ಬೊಂಬೆ ಎನ್ನುವಷ್ಟರಲ್ಲಿ ಅವನು ತಿನ್ನುವುದನ್ನು ಬಿಟ್ಟು ಎದ್ದು, ಬನ್ನಿ ಎಂದು ಟೆಂಟಿನ ಹಿಂದಕ್ಕೆ ಕರೆದೊಯ್ದ.

ಜೀವರಕ್ಷಕರ ಊಟದ ಡಬ್ಬಿ, ಒಣಬಟ್ಟೆ ಇಡುವ ಬೆಂಚು. ಅದರ ಮೇಲೆ, ಯಾರದೋ ಟವೆಲು ಹಾಸಿ, ಅದರ ಮೇಲೆ ಮಂದಿ ನಿಂತಿದ್ದರು. ಹ್ಯಾಟಿನ ಹೆಂಗಸರು, ಇದ್ದಲಿಯ ಪೈಲವಾನ, ಗಂಟಿನ ಹೆಣ್ಣುಮಗಳು, ಢೋಲಿನವನು. ಒಬ್ಬರ ಮೈಯೂ ತೊಯ್ದಿರಲಿಲ್ಲ. ತುಂತುರು ಹತ್ತಬಾರದೆಂದು ಮೇಲೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಹೆಲ್ಮೆಟ್ಟಿನ ಮೇಲಿಂದ ಇಳಿಬಿಟ್ಟಿದ್ದರು.

ಇಂದೂಬಾಯಿ ಬೆಂಚು ಹಿಡಿದು ನಿಂತರು. ದೇವಾನಂದ ತಲೆ ಕೆರೆದುಕೊಂಡು ಹೇಳಿದ.

"ಆಮ್ಹೀ ದೇವ ಬುಡವತೋ ಆಜೀ, ಮಾಣಸಂ ನಾಹೀ."

ನಾವು ಮುಳುಗಿಸುವುದು ದೇವರನ್ನು ಅಜ್ಜಿ, ಮನುಷ್ಯರನ್ನಲ್ಲ. ಅಷ್ಟು ಹೇಳಿ, ಆಮೇಲೆ ಉಳಿದದ್ದನ್ನು ತಡವರಿಸುತ್ತ ವಿವರಿಸಿದ. ಹಣೆಗೆ ಕುಂಕುಮವೇನೋ ಇತ್ತು. ಆದರೆ ಢೋಲಿನವನ ಕೊರಳಲ್ಲಿ ಟೈ ಕಂಡಿತು, ಹೆಂಗಸರ ಕೈಯಲ್ಲಿ ಕೊಡೆ ಕಂಡಿತು. ಇವರು ಯಾವ ದೇವರೂ ಅಲ್ಲ, ಯಾರದೋ ಮನೆಯವರು ಎಂದುಕೊಂಡ. ಹದಿನೆಂಟು ವರ್ಷದಿಂದ ಈ ಹೊಳೆಯಲ್ಲಿ ಮನುಷ್ಯರನ್ನು ಮೇಲೆ ಎಳೆಯುವ ಕೆಲಸ ಮಾಡಿದ ಕೈ, ಬೊಂಬೆಯಾದರೇನು, ನೀರಿಗೆ ಬಿಡಲು ಮನಸ್ಸು ಒಪ್ಪಲಿಲ್ಲ. ಕೇಳಿಕೊಂಡು ಯಾರಾದರೂ ಬಂದೇ ಬರುತ್ತಾರೆ ಎಂದು ಇಟ್ಟ.

ಸದಾನಂದರು ಆಗಲೇ ಬೆಂಚಿನ ಕೆಳಗಿದ್ದ ಬುಟ್ಟಿ ತೆರೆದು, ಒಬ್ಬೊಬ್ಬರನ್ನೇ ಎರಡೂ ಕೈಯಲ್ಲಿ ಎತ್ತಿ ಧೋತರದಲ್ಲಿ ಸುತ್ತತೊಡಗಿದ್ದರು, ಕೈತಪ್ಪಿದರೆ ಈ ಸಲ ತಮ್ಮ ಜೀವವೇ ಹೋದಂತೆ. ಇಂದೂಬಾಯಿ ಸಾಲನ್ನು ಮತ್ತೊಮ್ಮೆ ನೋಡಿದರು. ಬಿಳಿ ಗಡ್ಡ ಕಾಣಲಿಲ್ಲ.

ಕೇಳುವ ಮೊದಲೇ ದೇವಾನಂದನ ಮುಖ ಸಣ್ಣದಾಯಿತು. ಬುಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದವರು ಅವರೇ. ಬಿಳಿ ಗಡ್ಡ, ಹಣೆಯ ತುಂಬ ಕುಂಕುಮ. ಯಾರದೋ ಮನೆಯ ಗುರುಗಳು ಎಂದುಕೊಂಡು ಕೈಮುಗಿದು, ನಿಯಮದಂತೆ ಮೂರು ಸಲ ಅದ್ದಿ ಬಿಟ್ಟೆ, ಅವರ ಹಿಂದೆ ಢೋಲಿನವನು ಕೈಗೆ ಬಂದಾಗಲೇ ಗೊತ್ತಾದದ್ದು ಎಂದ. ಬಗ್ಗಿ ಹುಡುಕಿದ್ದನಂತೆ. ಕೈಗೆ ಬರಿಯ ಕೆಸರು ಬಂತಂತೆ. ಅವನು ಅದನ್ನು ಹೇಳಿದ ರೀತಿ, ಒಬ್ಬ ನಿಜವಾದ ಮುದುಕನನ್ನು ಕಳೆದುಕೊಂಡು ಬಂದವನ ಹಾಗಿತ್ತು.

ಇಂದೂಬಾಯಿ ಅವನ ಕೈ ಹಿಡಿದುಕೊಂಡರು. ತಪ್ಪು ನಿನ್ನದಲ್ಲಪ್ಪಾ, ಅವನನ್ನು ನಾನು ಮಾಡಿದ್ದೇ ಸಾಧುವಿನಿಂದ ಎಂದು ಹೇಳಿದರು. ಹೊರಡುವಾಗ ದೇವಾನಂದನಿಗೆ ಏನೋ ಹೊಳೆಯಿತು. ದೇವರನ್ನು ಬಿಟ್ಟು ಹೋಗುವವರು ಖಾಲಿ ಮಣೆ ಒಯ್ಯಬಾರದು, ದಂಡೆಯ ಒಂದು ಹಿಡಿ ಮಣ್ಣು ಒಯ್ದು ಮನೆಯಲ್ಲಿ ಇಡುತ್ತಾರೆ. ಅದು ಅಲ್ಲಿಯ ರೂಢಿ. ಸದಾನಂದರು ಮಧ್ಯಾಹ್ನ ಅವಸರದಲ್ಲಿ ಅದನ್ನೂ ಮರೆತಿದ್ದರು. ದೇವಾನಂದ ಮತ್ತೆ ನೀರಿಗಿಳಿದ. ತಾನು ನಿಂತಿದ್ದ ಮೂಲೆಗೇ ಹೋಗಿ, ಅಲ್ಲಿಂದಲೇ ಕೈತುಂಬ ಮಣ್ಣೆತ್ತಿ, ಚಹಾದ ಕಾಗದದ ಕಪ್ಪಿನಲ್ಲಿ ತುಂಬಿಕೊಟ್ಟ. ಇದರಲ್ಲಿ ಗುರುಗಳೂ ಇದ್ದಾರು ಎಂದ.

ಮನೆಗೆ ಬಂದಾಗ ರಾಯರು ಎದ್ದಿರಲಿಲ್ಲ. ದೀಪ ಹಚ್ಚುವ ಅಗತ್ಯ ಅವರಿಗಿರಲಿಲ್ಲ, ಕತ್ತಲಲ್ಲೇ ಕೂತಿದ್ದರು. ಇಂದೂಬಾಯಿ ಸ್ವಿಚ್ಚು ಹಾಕಿ, ಬುಟ್ಟಿಯನ್ನು ಅವರ ತೊಡೆಯ ಮೇಲಿಟ್ಟರು. ಕೈ ಮುಚ್ಚಳದ ಮೇಲೆ ಬಂತು, ಅಕ್ಷತೆಯ ಕಾಳು ಬೆರಳಿಗೆ ಹತ್ತಿತು, ಅಲ್ಲೇ ನಿಂತಿತು. ಬಾಗಿಲ ಬಳಿ ಸದಾನಂದರು ಒದ್ದೆ ಭುಜ ಹೊತ್ತು, ಒಳಗೆ ಬರಲೂ ಹೋಗಲೂ ಆಗದೆ ನಿಂತಿದ್ದರು.

ರಾಯರು ಒಬ್ಬೊಬ್ಬರನ್ನೇ ಹೊರಗೆ ತೆಗೆದರು. ಹೆಬ್ಬೆರಳು ಮುಖಗಳ ಮೇಲೆ ಆಡಿತು. ಪೈಲವಾನ ಬಂದ. ವರದಾ ಕೈ ಮುರಿದವಳು ಬಂದಳು. ಗಂಟಿನವಳು ಗಂಟಿನ ಸಮೇತ ಬಂದಳು. ಹಲಗೆ ತುಂಬುತ್ತ ಹೋಯಿತು. ಕೊನೆಗೆ ಧೋತರವನ್ನು ಕೊಡವಿ, ಮಡಿಕೆಯೆಲ್ಲ ತಡವಿ, ಬುಟ್ಟಿಯ ತಳವನ್ನೂ ತಡವಿ ಕೇಳಿದರು.

"ಕ್ಯಾಪ್ಟನ್?"

ಇಂದೂಬಾಯಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮೇಲೆ ಇದ್ದದ್ದು, ಗುರುಗಳೆಂದು ತಿಳಿದದ್ದು, ಕೈಮುಗಿದು ಬಿಟ್ಟದ್ದು. ರಾಯರು ಕಿಟಕಿಯ ಕಡೆ ಮುಖ ತಿರುಗಿಸಿದರು. ಹೊರಗೆ ದೂರದಲ್ಲಿ ಢೋಲು ಬಾರಿಸುತ್ತಿತ್ತು.

"ಉಳಿದವರು ಎಲ್ಲಾರೂ ಬಂದರಲ್ಲ?"

"ಎಲ್ಲಾರೂ ಬಂದಾರ್ರಿ. ಒಣಾ ಬಂದಾರ."

"ಹಂಗಾದ್ರ ಅಂವಾ ತನ್ನ ಕೆಲಸಾ ಮಾಡ್ಯಾನ," ಎಂದರು ರಾಯರು. ಆಮೇಲೆ ಬಾಗಿಲ ಕಡೆ ತಿರುಗಿ, "ಸದಾನಂದ, ಬಾಗಲದಾಗ ಯಾಕ ನಿಂತೀರಿ, ಒಳಗ ಬರ್ರಿ. ಇಷ್ಟು ವರ್ಷದಾಗ ಇವರನ್ನ ಪೂರಾ ಪಾರು ಮಾಡಿದಾವ್ರು ನೀವ ಒಬ್ಬರು."

ಸದಾನಂದರು ನಗಬೇಕೋ ಅಳಬೇಕೋ ತಿಳಿಯದೆ, ಹೋಟೆಲಿನಿಂದ ಬಿಸಿ ಉಪ್ಪಿಟ್ಟು ಕಳಿಸುತ್ತೇನೆ ಎಂದು ಹೇಳಿ ಮೆಟ್ಟಿಲಿಳಿದರು.

ಇಂದೂಬಾಯಿ ಕಾಗದದ ಕಪ್ಪನ್ನು ಗಂಡನ ಕೈಗೆ ಕೊಟ್ಟರು, ಎಲ್ಲಿಯ ಮಣ್ಣು ಎಂದು ಹೇಳಿದರು. ರೂಢಿಯ ಪ್ರಕಾರ ಅದನ್ನು ಮಣೆಯ ಮೇಲೆ ಇಡಬೇಕು. ಅರ್ಧ ಇಟ್ಟರು. ಉಳಿದರ್ಧವನ್ನು ರಾಯರು ಅಂಗೈಯಲ್ಲಿ ಉಂಡೆ ಮಾಡಿದರು, ಉದ್ದ ಮಾಡಿದರು, ತಲೆಯಿದ್ದಲ್ಲಿ ಹಿಸುಕಿದರು, ಗಲ್ಲದ ಕೆಳಗೆ ಒಂದು ಚಿಟಿಕೆ ಮಣ್ಣು ಮೆತ್ತಿದರು. ಬಾಯ್ಲರಿನ ನಕ್ಷೆಯಲ್ಲಿ ಕೂದಲೆಳೆಯಷ್ಟು ತಪ್ಪಾಗದ ಕೈ, ಈಗ ಗಡ್ಡ ಎಲ್ಲಿಗೆ ಮುಗಿಯಬೇಕು ಎಂದು ಹುಡುಕುತ್ತಿತ್ತು. ಮಾಡಿ ಮುಗಿಸಿ ಹೆಂಡತಿಯ ಮುಂದೆ ಹಿಡಿದರು. ಕ್ಯಾಪ್ಟನ್ ಒಂದು ಕಡೆ ವಾಲಿದ್ದ.

"ಒಣಗಲಿ. ಬಣ್ಣಾ ನೀನ ಹಚ್ಚಬೇಕು."

"ನನ್ನ ಕೈ ನಡಗತದರೀ ಈಗ. ಕೋಟು ಎಲ್ಲಿ ಟೊಪಗಿ ಎಲ್ಲಿ ಅಂತ ಗೊತ್ತಾಗೂದಿಲ್ಲ ನೋಡ್ರಿ."

"ನಡಗಿದರ ನಡಗಲಿ. ನಾ ಏನು ನೋಡಾಂವ ಅದೀನೇನು?"

ಇಂದೂಬಾಯಿ ನಕ್ಕರು. ಕ್ಯಾಪ್ಟನ್ನನನ್ನು ಗಾಳಿ ಬರುವಲ್ಲಿ, ಕಿಟಕಿಯ ಕಟ್ಟೆಯ ಮೇಲೆ, ಬೀಳದಂತೆ ಬೆನ್ನಿಗೆ ಬೆಂಕಿಪೆಟ್ಟಿಗೆ ಆನಿಸಿ ನಿಲ್ಲಿಸಿದರು. ಆಮೇಲೆ ಆ ಸಣ್ಣ ಕುಂಚ ಎಲ್ಲಿ ಇಟ್ಟಿದ್ದೇನೋ ಎಂದುಕೊಳ್ಳುತ್ತ ಕಪಾಟಿನ ಕೆಳಗಿನ ಡ್ರಾಯರು ಎಳೆದರು.